‘ಯಾರೂ ದೂರು ಕೊಟ್ಟಿಲ್ರೀ ಮೇಡಂ’

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ವರದಕ್ಷಿಣೆ, ಕುಡಿದು ಬಂದು ಹೊಡೆಯುವ ಗಂಡ, ಪೊಲೀಸ್ ಠಾಣೆ, ಜೀವನಾಂಶದ ಕೇಸು ಇವುಗಳ ಬಗ್ಗೆ ಮಾತಾಡುತ್ತೇವೆ. ಇವತ್ತು ನಾನು ಆರಿಸಿಕೊಂಡ ವಿಷಯ ಸ್ವಲ್ಪ ಬೇರೆ. ಯುದ್ಧಕ್ಕೆ, ಹಿಂಸೆಗೆ ಹೆದರಿ ದೇಶವನ್ನೇ ಬಿಟ್ಟು ಓಡಿಬಂದ ನಿರಾಶ್ರಿತ ಹೆಣ್ಣುಮಕ್ಕಳ ರಕ್ಷಣೆ, ಮತ್ತು ಆ ರಕ್ಷಣೆ ಕೊಡಬೇಕಾದ ಅಧಿಕಾರಿಗಳಿಗೆ, ಪರಿಹಾರ ಕಾರ್ಯಕರ್ತರಿಗೆ ಬೇಕಾದ ತರಬೇತಿ. ವಿಷಯ ಹೇಳಿದ ಕೂಡಲೇ ಮುಂದಿನ ಸಾಲಿನಲ್ಲಿ ಕುಳಿತವರೊಬ್ಬರು ಕೇಳಿಯೇಬಿಟ್ಟರು: “ಆಫೀಸರುಗಳಿಗೆ ಕೊಡೋ ತರಬೇತಿ ಕಟ್ಟಿಕೊಂಡು ನಮಗೇನಾಗಬೇಕು ಮೇಡಂ?” ನ್ಯಾಯವಾದ ಪ್ರಶ್ನೆ. ನಾನು ನೋಡಿದ ಒಂದು ಸಂಗತಿಯಿಂದ ಉತ್ತರ ಶುರು ಮಾಡುತ್ತೇನೆ.

2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ದೊಡ್ಡ ನೆರೆ ಬಂದದ್ದು ನಿಮಗೆಲ್ಲ ನೆನಪಿದೆ. ನಾವು ಕೆಲವು ಗೆಳತಿಯರು ಸೀರೆ, ಹೊದಿಕೆ ಕಟ್ಟಿಕೊಂಡು ಒಂದು ಗಂಜಿ ಕೇಂದ್ರಕ್ಕೆ ಹೋಗಿದ್ದೆವು. ಶಾಲೆಯ ಕಟ್ಟಡ. ಒಂದೊಂದು ಕೋಣೆಯಲ್ಲಿ ಆರೇಳು ಸಂಸಾರ. ಅಲ್ಲಿ ಒಬ್ಬ ಬಾಣಂತಿ, ಸಂಜೆ ನಾವು ಕೊಟ್ಟ ನೀರನ್ನು ಮುಟ್ಟಲೇ ಇಲ್ಲ. ಯಾಕಮ್ಮಾ ಎಂದರೆ ಸುತ್ತ ನೋಡಿ, ತಗ್ಗಿದ ದನಿಯಲ್ಲಿ, “ನೀರು ಕುಡದ್ರ ರಾತ್ರಿ ಹೊರಗ ಹೋಗಬೇಕಾಗತೈತ್ರೀ ಅಕ್ಕಾರ” ಎಂದಳು. ಕಕ್ಕಸು ಕಟ್ಟಡದ ಹಿಂದೆ, ಮೈದಾನದ ಆಚೆ ತುದಿಯಲ್ಲಿ. ದೀಪ ಇಲ್ಲ, ಬಾಗಿಲಿಗೆ ಅಗಳಿ ಇಲ್ಲ. ಕತ್ತಲಾದ ಮೇಲೆ ಅಲ್ಲಿ ಗಂಡಸರು ಕುಡಿಯುತ್ತ ಕೂರುತ್ತಿದ್ದರು. ಎದೆಹಾಲು ಕೊಡುವ ತಾಯಿ ಸಂಜೆ ಐದರಿಂದ ಬೆಳಗಿನವರೆಗೆ ಬಾಯಿ ಒಣಗಿಸಿಕೊಂಡು ಕೂತಿದ್ದಳು.

ಅಲ್ಲಿದ್ದ ಯುವ ಅಧಿಕಾರಿಯ ಹತ್ತಿರ ಹೋಗಿ ಹೇಳಿದೆ. ಆತ ಮರ್ಯಾದೆಯಿಂದಲೇ ಉತ್ತರಿಸಿದ: “ಊಟ, ಹಾಸಿಗೆ, ಔಷಧಿ ಎಲ್ಲಾ ಕೊಟ್ಟೇವ್ರೀ. ಯಾರೂ ದೂರು ಕೊಟ್ಟಿಲ್ರೀ ಮೇಡಂ.”

ಆತ ಕೆಟ್ಟವನಲ್ಲ. ಎರಡು ರಾತ್ರಿಯಿಂದ ನಿದ್ದೆ ಮಾಡಿರಲಿಲ್ಲ. ಒಬ್ಬರಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂಬ ಲೆಕ್ಕ ಆತನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಬಾಣಂತಿ ಯಾರಿಗೆ ದೂರು ಕೊಡಬೇಕು, ಗಂಡ, ಮಾವ, ಊರವರೆಲ್ಲ ನೋಡುತ್ತಿರುವಾಗ ಒಬ್ಬ ಗಂಡಸಿನ ಮೇಜಿನ ಮುಂದೆ ನಿಂತು ಏನೆಂದು ಹೇಳಬೇಕು ಎಂದು ಆತ ಯೋಚಿಸಿರಲಿಲ್ಲ. ಯೋಚಿಸಬೇಕೆಂದು ಆತನಿಗೆ ಯಾರೂ ಕಲಿಸಿರಲಿಲ್ಲ.

ನೆರೆ ಇಳಿದ ಮೇಲೆ ಆಕೆ ತನ್ನ ಊರಿಗೆ ಮರಳಿದಳು. ನಮ್ಮ ಕನ್ನಡದಲ್ಲಿ ಮನೆಮಠ ಕಳೆದುಕೊಂಡವರನ್ನೆಲ್ಲ ನಿರಾಶ್ರಿತರು ಅನ್ನುತ್ತೇವೆ. ಆದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ನಿರಾಶ್ರಿತರೆಂದರೆ ಗಡಿ ದಾಟಿ ಬಂದವರು, ಹಿಂದಿರುಗಿದರೆ ಪ್ರಾಣಕ್ಕೆ ಅಪಾಯ ಇರುವವರು. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12 ಕೋಟಿಗೂ ಮಿಕ್ಕಿ ಇದ್ದರು. ಅವರಲ್ಲಿ 4 ಕೋಟಿಗೂ ಹೆಚ್ಚು ಮಂದಿ ಹೀಗೆ ಗಡಿ ದಾಟಿದವರು. ಎರಡು ವಾರ ನೀರು ಕುಡಿಯದೆ ರಾತ್ರಿ ಕಳೆಯುವುದೇ ಇಷ್ಟು ಕಷ್ಟ. ಹತ್ತು, ಇಪ್ಪತ್ತು ವರ್ಷ ಶಿಬಿರದಲ್ಲೇ ಬದುಕುವ ಹೆಣ್ಣಿನ ಗತಿ ಏನು?

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದವಳು. 1951ರ ನಿರಾಶ್ರಿತರ ಒಪ್ಪಂದ ನಮಗೆ ಐದು ಅಂಕದ ಪ್ರಶ್ನೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ. ಈ ಐದು ಕಾರಣಕ್ಕೆ ಹಿಂಸೆಗೆ ಒಳಗಾಗುವ ಭಯ ಇದ್ದವರು ನಿರಾಶ್ರಿತರು ಎಂದು ಹುಡುಗಿಯರಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಆ ಪಟ್ಟಿಯಲ್ಲಿ ‘ಹೆಣ್ಣು ಎಂಬ ಕಾರಣಕ್ಕೆ’ ಎನ್ನುವ ಮಾತು ಇಲ್ಲ. ಇಲ್ಲವೆಂದು ನನಗೇ ಹೊಳೆಯಲು ಬಹಳ ವರ್ಷ ಬೇಕಾಯಿತು. 1999ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಪಾಕಿಸ್ತಾನದ ಇಬ್ಬರು ಹೆಂಗಸರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಗಂಡಂದಿರು ನಡತೆಗೆಟ್ಟವಳೆಂದು ಸುಳ್ಳು ಹೊರಿಸಿ ಹೊರಹಾಕಿದ್ದರು. ಅವರ ದೇಶದ ಕಾನೂನು ಅವರ ಕೈಹಿಡಿಯುವ ಬದಲು ಅವರನ್ನೇ ಶಿಕ್ಷಿಸುವ ಹಾಗಿತ್ತು. ಇಂಥ ಹೆಂಗಸರೂ ಒಂದು ‘ಸಾಮಾಜಿಕ ಗುಂಪು’, ಅವರಿಗೂ ಆಶ್ರಯ ಸಿಗಬೇಕು ಎಂದು ನ್ಯಾಯಾಧೀಶರು ಹೇಳಿದರು. ಗಂಡನ ಮನೆಯ ಹಿಂಸೆ ‘ಮನೆ ವಿಷಯ’ ಅಲ್ಲ, ಅದು ದೇಶ ಬಿಡಿಸುವಷ್ಟು ದೊಡ್ಡ ವಿಷಯ ಎಂದು ಒಪ್ಪಿಕೊಳ್ಳಲು ಕಾನೂನಿಗೆ ಸುಮಾರು ಐವತ್ತು ವರ್ಷ ಹಿಡಿಯಿತು.

ಈಗ ಶಿಬಿರದ ಕಡೆಗೆ ಬರೋಣ. 1991ರಲ್ಲಿ ಆಫ್ರಿಕಾದ ಸೋಮಾಲಿಯಾದಲ್ಲಿ ಸರ್ಕಾರ ಬಿದ್ದು ಅಂತರ್ಯುದ್ಧ ಹಬ್ಬಿತು. ಲಕ್ಷಾಂತರ ಜನ ಗಡಿ ದಾಟಿ ಕೀನ್ಯಾಕ್ಕೆ ಬಂದರು. ದದಾಬ್ ಎಂಬ ಊರಿನ ಸುತ್ತ, ಕುರುಚಲು ಮುಳ್ಳುಗಿಡ ಬಿಟ್ಟರೆ ಏನೂ ಬೆಳೆಯದ ಬೆಂಗಾಡಿನಲ್ಲಿ, ಇಫೊ, ದಗಹಲೆ, ಹಗದೇರಾ ಎಂಬ ಮೂರು ಶಿಬಿರಗಳು ಎದ್ದವು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ, ಹತ್ತಾರು ಪರಿಹಾರ ಸಂಸ್ಥೆಗಳು ಕೆಲಸಕ್ಕೆ ನಿಂತವು. ಲಾರಿಗಳಲ್ಲಿ ಧಾನ್ಯ ಬಂತು, ಕೊಳವೆಬಾವಿ ಕೊರೆದರು, ವೈದ್ಯರು ಬಂದರು. ಧಾನ್ಯ ಕೊಟ್ಟವರು ಒಂದು ಮಾತು ಕೇಳಲಿಲ್ಲ: ಇದನ್ನು ಬೇಯಿಸಲು ಸೌದೆ ಎಲ್ಲಿಂದ? ಅದನ್ನು ತರುವವರು ಯಾರು?

ತರುವವರು ಹೆಂಗಸರು ಮತ್ತು ಹುಡುಗಿಯರು. ಹತ್ತಿರದ ಗಿಡ ಮುಗಿದ ಹಾಗೆ ಮೈಲಿಗಟ್ಟಲೆ ದೂರ ಹೋಗಬೇಕಾಯಿತು. ಅಲ್ಲಿ ಬಂದೂಕು ಹಿಡಿದ ದರೋಡೆಕೋರರು ಕಾದಿರುತ್ತಿದ್ದರು. 1993ರ ಹೊತ್ತಿಗೆ ನೂರಾರು ಅತ್ಯಾಚಾರಗಳು ನಡೆದುಹೋಗಿದ್ದವು. ರಕ್ಷಣೆಗೆಂದು ಇದ್ದ ಕೆಲವು ಪೊಲೀಸರ ಮೇಲೂ ಆರೋಪ ಬಂತು. ಹೇಳಿಕೊಂಡವರು ಕೆಲವರು ಮಾತ್ರ. ಹೇಳಿಕೊಂಡರೆ ಗಂಡ ಬಿಡುತ್ತಾನೆ, ಮಗಳಿಗೆ ಮದುವೆಯಾಗುವುದಿಲ್ಲ. ಈ ಲೆಕ್ಕ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷ ಹೈಕಮಿಷನರ್ ಕಚೇರಿ ಅಲ್ಲಿ ಹಿಂಸೆಗೊಳಗಾದ ಹೆಂಗಸರಿಗಾಗಿಯೇ ಒಂದು ಯೋಜನೆ ಆರಂಭಿಸಿತು. ಚಿಕಿತ್ಸೆ, ಆಪ್ತ ಸಲಹೆ, ಪೊಲೀಸರಿಗೆ ತರಬೇತಿ, ಜೊತೆಗೆ ಶಿಬಿರದ ಸುತ್ತ ಮುಳ್ಳುಗಿಡದ ಜೀವಂತ ಬೇಲಿ. ನಮ್ಮ ಹಿರಿಯರು ಹೊಲಕ್ಕೆ ಕಳ್ಳಿಯ ಬೇಲಿ ಹಾಕಿದ ಹಾಗೆ. ಕೋಟಿಗಟ್ಟಲೆ ಖರ್ಚಿನ ಶಿಬಿರದಲ್ಲಿ ಆ ಮುಳ್ಳಿನ ಬೇಲಿ ರಾತ್ರಿ ಹೊತ್ತು ಹೆಂಗಸರಿಗೆ ಅಷ್ಟಿಷ್ಟು ಧೈರ್ಯ ಕೊಟ್ಟಿತು.

ಇಂಥ ಅನುಭವಗಳಿಂದಲೇ ತರಬೇತಿಯ ರೀತಿ ಬದಲಾಯಿತು. 1991ರಲ್ಲಿ ಹೈಕಮಿಷನರ್ ಕಚೇರಿ ನಿರಾಶ್ರಿತ ಮಹಿಳೆಯರ ರಕ್ಷಣೆಗೆ ಮಾರ್ಗಸೂಚಿ ಹೊರಡಿಸಿತ್ತು. 1992ರಲ್ಲಿ ಅಧಿಕಾರಿಗಳಿಗೂ ಕ್ಷೇತ್ರ ಕಾರ್ಯಕರ್ತರಿಗೂ ಒಂದು ತರಬೇತಿ ಚೌಕಟ್ಟು ಸಿದ್ಧವಾಯಿತು. ‘ಜನರನ್ನು ಮುಂದಿಟ್ಟುಕೊಂಡ ಯೋಜನೆ’ ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಅದರ ತಿರುಳು ಮೂರೇ ಪ್ರಶ್ನೆ. ಒಂದು, ಬಂದಿರುವ ಜನ ಯಾರು? ಗಂಡಸರೆಷ್ಟು, ಹೆಂಗಸರೆಷ್ಟು, ಒಂಟಿ ತಾಯಂದಿರೆಷ್ಟು, ತಂದೆತಾಯಿ ಇಲ್ಲದ ಮಕ್ಕಳೆಷ್ಟು? ಎರಡು, ಯಾವ ಕೆಲಸ ಯಾರು ಮಾಡುತ್ತಾರೆ, ಯಾವ ಹೊತ್ತಿನಲ್ಲಿ, ಎಲ್ಲಿ? ಮೂರು, ಯಾವ ವಸ್ತುವನ್ನು ಯಾರು ಬಳಸುತ್ತಾರೆ, ಅದರ ಹಿಡಿತ ಯಾರ ಕೈಯಲ್ಲಿದೆ?

ಎರಡನೆಯ ಪ್ರಶ್ನೆ ಕೇಳಿದ್ದರೆ ದದಾಬಿನ ಸೌದೆಯ ವಿಚಾರ ಮೊದಲ ತಿಂಗಳಲ್ಲೇ ಗೊತ್ತಾಗುತ್ತಿತ್ತು. ನಮ್ಮ ಗಂಜಿ ಕೇಂದ್ರದ ಕಕ್ಕಸಿನ ವಿಚಾರವೂ ಮೊದಲ ಸಂಜೆಯೇ ಗೊತ್ತಾಗುತ್ತಿತ್ತು.

ನಿವೃತ್ತಿಯಾದ ಮೇಲೆ ಒಂದು ಸಲ ಪರಿಹಾರ ಕೇಂದ್ರ ನಡೆಸುವ ಸಿಬ್ಬಂದಿಯ ತರಬೇತಿಗೆ ನನ್ನನ್ನೂ ಸಂಪನ್ಮೂಲ ವ್ಯಕ್ತಿಯೆಂದು ಕರೆದಿದ್ದರು. ದೀಪ ಬೆಳಗಿಸಿ, ಹೂಗುಚ್ಛ ಕೊಟ್ಟು, ಭಾಷಣ ಮುಗಿಯುವಾಗ ಹನ್ನೆರಡು ಗಂಟೆ. ಊಟದ ಮೇಲೆ ‘ಮಹಿಳೆ ಮತ್ತು ಮಕ್ಕಳು’ ಎಂದು ನನಗೆ ಅರ್ಧ ಗಂಟೆ. ಅರ್ಧ ಜನ ಮೊಬೈಲು ನೋಡುತ್ತಿದ್ದರು. ನಾನು ಭಾಷಣ ಬಿಟ್ಟು ಹಲಗೆಯ ಮೇಲೆ ಎರಡು ಗಡಿಯಾರ ಬರೆದೆ. ಒಂದು ಕೇಂದ್ರದಲ್ಲಿರುವ ಗಂಡಸಿನ ದಿನ, ಇನ್ನೊಂದು ಹೆಂಗಸಿನ ದಿನ. ಗಂಟೆಗಂಟೆಗೆ ಏನು ಮಾಡುತ್ತಾರೆ, ಎಲ್ಲಿರುತ್ತಾರೆ, ಹೇಳಿ ಎಂದೆ. ಮೊದಲು ನಗು, ತಮಾಷೆ. ಹೆಂಗಸಿನ ಗಡಿಯಾರದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಬಂದಾಗ ಒಬ್ಬ ಮಹಿಳಾ ಕಾನ್‌ಸ್ಟೇಬಲ್, “ಬೆಳಕು ಹರಿಯೋಕೆ ಮುಂಚೆ ಬಯಲಿಗೆ ಹೋಗ್ತಾಳೆ, ಒಬ್ಬಳೇ” ಎಂದರು. ಆಮೇಲೆ ಯಾರೂ ನಗಲಿಲ್ಲ. ಕೊನೆಯಲ್ಲಿ ಒಬ್ಬ ಅಧಿಕಾರಿ ಹತ್ತಿರ ಬಂದು, “ದೀಪದ ಕಂಬ ಎಲ್ಲಿ ಹಾಕಬೇಕು ಅಂತ ಇಷ್ಟು ದಿನ ನಾವೇ ತೀರ್ಮಾನ ಮಾಡ್ತಿದ್ವಿ ಮೇಡಂ, ಅವರನ್ನ ಕೇಳೇ ಇಲ್ಲ” ಎಂದರು. ನನ್ನ ದೃಷ್ಟಿಯಲ್ಲಿ ಆ ದಿನದ ತರಬೇತಿ ಎಂದರೆ ಆ ಒಂದು ಮಾತು.

ಇನ್ನು ಮೂರನೆಯ ಪ್ರಶ್ನೆ, ಹಿಡಿತ ಯಾರ ಕೈಯಲ್ಲಿ? ಶಿಬಿರಗಳಲ್ಲಿ ಬಹಳ ಕಾಲ ರೇಷನ್ ಕಾರ್ಡು ಮನೆಯ ಯಜಮಾನನ ಹೆಸರಿನಲ್ಲೇ ಇರುತ್ತಿತ್ತು. ನೋಂದಣಿಯ ಮೇಜಿನ ಮುಂದೆ ಗಂಡ ನಿಂತು ಎಲ್ಲ ಹೇಳುತ್ತಾನೆ, ಹೆಂಡತಿ ಹಿಂದೆ ಮಗು ಎತ್ತಿಕೊಂಡು ನಿಂತಿರುತ್ತಾಳೆ. ಹೊಡೆತ ತಾಳಲಾರದೆ ಆಕೆ ಗಂಡನನ್ನು ಬಿಟ್ಟು ಹೊರಟರೆ ಕಾರ್ಡು ಅವನ ಜೇಬಿನಲ್ಲಿ. ಕಾರ್ಡಿಲ್ಲದೆ ಧಾನ್ಯ ಇಲ್ಲ, ಡೇರೆ ಇಲ್ಲ, ಆ ದೇಶದಲ್ಲಿ ಇರಲು ಅವಳಿಗೆ ಬೇರೆ ಗುರುತೇ ಇಲ್ಲ. ಕಾರ್ಯಕರ್ತರ ಹತ್ತಿರ ಹೋದರೆ ಬರುವ ಉತ್ತರ ನಿಮಗೆ ಪರಿಚಯದ್ದೇ: “ಅದು ನಿಮ್ಮ ಮನೆ ವಿಷಯ, ನಿಮ್ಮ ಹಿರಿಯರ ಹತ್ತಿರ ಬಗೆಹರಿಸಿಕೊಳ್ಳಿ.” ಹೊರದೇಶದ ಕಾರ್ಯಕರ್ತ ಇನ್ನೊಂದು ಮಾತು ಸೇರಿಸುತ್ತಾನೆ: “ಅದು ಅವರ ಸಂಸ್ಕೃತಿ.” ಪೆಟ್ಟು ತಿಂದವಳನ್ನು ಕೇಳಿದರೆ ಅದು ತನ್ನ ಸಂಸ್ಕೃತಿ ಎಂದು ಅವಳು ಹೇಳುತ್ತಾಳೆಯೇ?

ಹಿರಿಯರ ಕೈಗೆ ಎಲ್ಲವನ್ನೂ ಒಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ 1994ರ ಗೋಮಾ. ರುವಾಂಡಾದ ನರಮೇಧದ ನಂತರ ಲಕ್ಷಾಂತರ ಜನ ಆಗಿನ ಜೈರ್ ದೇಶದ ಗೋಮಾ ಸುತ್ತ ಬಂದು ಬಿದ್ದರು. ಬೇಗ ಆಗಲಿ ಎಂದು ಆಹಾರವನ್ನು ಅವರ ಹಳೆಯ ಮುಖಂಡರ ಮೂಲಕ ಹಂಚಿದರು. ಆ ಮುಖಂಡರಲ್ಲಿ ಅನೇಕರು ನರಮೇಧ ಮಾಡಿಸಿದವರೇ ಆಗಿದ್ದರು. ಅವರ ಶಕ್ತಿ ಬೆಳೆಯಿತು. ಗಂಡು ದಿಕ್ಕಿಲ್ಲದ ಸಂಸಾರಗಳು ಸಾಲಿನ ಕೊನೆಗೆ ಹೋದವು.

2001ರ ಕೊನೆಯಲ್ಲಿ ಹೈಕಮಿಷನರ್ ಕಚೇರಿ ನಿರಾಶ್ರಿತ ಮಹಿಳೆಯರಿಗೆ ಐದು ವಚನ ಕೊಟ್ಟಿತು. ಪ್ರತಿ ಹೆಣ್ಣಿಗೂ ಅವಳ ಹೆಸರಿನಲ್ಲೇ ನೋಂದಣಿ ಮತ್ತು ದಾಖಲೆಪತ್ರ. ಶಿಬಿರದ ಸಮಿತಿಗಳಲ್ಲಿ ಹೆಂಗಸರಿಗೆ ಪಾಲು. ಆಹಾರ ಮತ್ತು ಸಾಮಾನಿನ ಹಂಚಿಕೆಯಲ್ಲಿ ಹೆಂಗಸರ ಕೈ. ಮನೆಯೊಳಗಿನ ಹಿಂಸೆಯೂ ಸೇರಿದ ಹಾಗೆ ಎಲ್ಲ ಲೈಂಗಿಕ ದೌರ್ಜನ್ಯದ ವಿರುದ್ಧ ಒಟ್ಟು ಯೋಜನೆ. ಮತ್ತು ಮುಟ್ಟಿನ ಬಟ್ಟೆ ಅಥವಾ ಪ್ಯಾಡು ಯಾರೂ ಬೇಡಿ ಪಡೆಯಬೇಕಾದ ವಸ್ತುವಲ್ಲ, ಅಕ್ಕಿಯ ಹಾಗೆ ಕೊಡಲೇಬೇಕಾದದ್ದು. ತರಬೇತಿ ಅಧಿಕಾರಿಗೆ ಕಲಿಸಬೇಕಾದದ್ದು ಇದನ್ನು: ಹೆಂಡತಿಯನ್ನು ಬೇರೆಯಾಗಿ ಕೂರಿಸಿ ಮಾತಾಡಿಸು. ಗಂಡನ ತಮ್ಮನನ್ನು ದುಭಾಷಿ ಮಾಡಬೇಡ, ಹೆಂಗಸನ್ನೇ ದುಭಾಷಿಯಾಗಿ ಕರೆ. ಅವಳ ಕೈಗೆ ಅವಳದೇ ಕಾರ್ಡು ಕೊಡು. ನಮ್ಮಲ್ಲಿ 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಣ್ಣೇ ಯಜಮಾನಿ ಎಂದಿತಲ್ಲ, ಅದೇ ವಿವೇಕ ಇದು.

ಇಷ್ಟು ಹೊತ್ತು ಅಧಿಕಾರಿ ಒಳ್ಳೆಯವನು, ತಿಳಿಯದೆ ತಪ್ಪು ಮಾಡುತ್ತಾನೆ ಎಂದು ಮಾತಾಡಿದೆ. ಕೊಡುವ ಕೈಯೇ ಕಿತ್ತುಕೊಂಡರೆ? 2002ರ ಫೆಬ್ರವರಿಯಲ್ಲಿ ಹೈಕಮಿಷನರ್ ಕಚೇರಿ ಮತ್ತು ಸೇವ್ ದ ಚಿಲ್ಡ್ರನ್ ಸಂಸ್ಥೆ ಸೇರಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ಶಿಬಿರಗಳ ಬಗ್ಗೆ ಒಂದು ವರದಿ ಹೊರತಂದವು. ಧಾನ್ಯ, ಡೇರೆಯ ಪ್ಲಾಸ್ಟಿಕ್ ಹಾಳೆ, ಸೋಪು ಕೊಡಲು ಪರಿಹಾರ ಸಂಸ್ಥೆಗಳ ನೌಕರರೇ ಚಿಕ್ಕ ಹುಡುಗಿಯರ ಮೈಯನ್ನು ಬೆಲೆಯಾಗಿ ಕೇಳುತ್ತಿದ್ದಾರೆ ಎಂಬ ಮಾತು ಅದರಲ್ಲಿತ್ತು. ವಿಶ್ವಸಂಸ್ಥೆಯ ತನಿಖಾ ವಿಭಾಗ ಆಮೇಲೆ ನಡೆಸಿದ ವಿಚಾರಣೆಯಲ್ಲಿ ಬಹಳಷ್ಟು ನಿರ್ದಿಷ್ಟ ಆರೋಪಗಳಿಗೆ ಪುರಾವೆ ಸಿಗಲಿಲ್ಲ. ಆದರೆ ಇಂಥ ಶೋಷಣೆ ನಡೆಯುತ್ತಿರುವುದು ನಿಜ ಎಂದು ಆ ವಿಭಾಗವೂ ಒಪ್ಪಿತು. ಪುರಾವೆ ಯಾಕೆ ಸಿಗುವುದಿಲ್ಲ ಎಂಬುದು ವರದಕ್ಷಿಣೆ ಕೇಸು ನಡೆಸಿದ ನಮಗೆ ಹೊಸದಲ್ಲ.

2003ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ಎಲ್ಲ ಸಿಬ್ಬಂದಿಗೂ ಅನ್ವಯಿಸುವ ನಿಯಮ ಹೊರಡಿಸಿದರು. 18 ವರ್ಷದ ಒಳಗಿನವರ ಜೊತೆ ಲೈಂಗಿಕ ಸಂಬಂಧ ಕೂಡದು. ಆ ದೇಶದ ಕಾನೂನು ಏನೇ ಇರಲಿ, ವಯಸ್ಸು ಗೊತ್ತಿರಲಿಲ್ಲ ಎಂಬ ನೆಪ ನಡೆಯುವುದಿಲ್ಲ. ಹಣ, ಕೆಲಸ, ವಸ್ತು, ಆಕೆಗೆ ಹಕ್ಕಾಗಿ ಸಿಗಬೇಕಾದ ನೆರವು, ಯಾವುದಕ್ಕೂ ಬದಲಾಗಿ ಅಂಥದ್ದನ್ನು ಕೇಳಕೂಡದು. ಸಹೋದ್ಯೋಗಿಯ ಮೇಲೆ ಅನುಮಾನ ಬಂದರೆ ವರದಿ ಮಾಡಲೇಬೇಕು. ತರಬೇತಿಯಲ್ಲಿ ಈ ನಿಯಮ ಓದಿಸಿ ಸಹಿ ಹಾಕಿಸುತ್ತಾರೆ. ಒಳ್ಳೆಯದೇ. ಆದರೆ ನಿಯಮ ಅಧಿಕಾರಿಗೆ ಗೊತ್ತಿದ್ದು ಹುಡುಗಿಗೆ ಗೊತ್ತಿಲ್ಲದಿದ್ದರೆ ಏನು ಬಂತು? ನೆರವು ಅವನ ದಾನವಲ್ಲ, ನಿನ್ನ ಹಕ್ಕು ಎಂದು ಅವಳ ಭಾಷೆಯಲ್ಲಿ ಅವಳಿಗೆ ಹೇಳಬೇಕು. ಧಾನ್ಯ ಹಂಚುವವನ ಮೇಲಿನ ದೂರನ್ನು ಧಾನ್ಯ ಹಂಚುವವನ ಕೈಗೇ ಕೊಡುವ ಹಾಗೆ ಇರಬಾರದು. ದೂರು ಕೊಟ್ಟ ಮರುದಿನ ಅವಳ ಕಾಳು ನಿಲ್ಲಬಾರದು.

ತರಬೇತಿಯೊಂದರಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ದದಾಬಿನಲ್ಲಿ 1990ರ ದಶಕದ ಕೊನೆಗೆ ಸೌದೆಯನ್ನೇ ತರಿಸಿ ಹಂಚಲು ಶುರು ಮಾಡಿದರು. 2001ರಲ್ಲಿ ಅದರ ಮೌಲ್ಯಮಾಪನ ನಡೆಯಿತು. ಮನೆಯಲ್ಲಿ ಸೌದೆ ತುಂಬಿದ್ದಾಗ ಸೌದೆಗೆ ಹೋದಲ್ಲಿ ನಡೆಯುವ ಅತ್ಯಾಚಾರ ಇಳಿದಿತ್ತು. ಬೇರೆ ಕಡೆ ನಡೆಯುವುದು ಹೆಚ್ಚಿತ್ತು. ಹಂಚಿದ ಸೌದೆಯೂ ಸಂಸಾರದ ಅಗತ್ಯದ ಒಂದು ಪಾಲು ಮಾತ್ರ. ಹಾಗೆಂದು ಸೌದೆ ಹಂಚಿದ್ದು ತಪ್ಪೇ? ಅಲ್ಲ. ಒಂದು ಸಲ ಕೇಳಿ, ಒಂದು ವ್ಯವಸ್ಥೆ ಮಾಡಿ, ಕೈ ತೊಳೆದುಕೊಂಡರೆ ಆಗುವುದಿಲ್ಲ, ಮತ್ತೆ ಮತ್ತೆ ಹೋಗಿ ಹೆಂಗಸರನ್ನೇ ಕೇಳುತ್ತಿರಬೇಕು ಎಂಬ ಪಾಠ ಅದು. ಅಪರಾಧಿಗೆ ಶಿಕ್ಷೆಯಾಗದೆ, ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಇಲ್ಲದೆ ಪ್ರಮಾಣಪತ್ರ ಹಂಚಿದರೆ ಅದು ಗೋಡೆಗೆ ಅಲಂಕಾರ. 2017ರಲ್ಲಿ ಮಯನ್ಮಾರಿನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶದ ಕಾಕ್ಸ್ ಬಜಾರಿಗೆ ಬಂದಾಗ ಅಲ್ಲೂ ಮೊದಲು ಹೆಂಗಸರು, ಮಕ್ಕಳು ಕಾಡಿಗೆ ಸೌದೆಗೆ ಹೋದರು. ಆದರೆ 2018ರಿಂದಲೇ ಸಂಸಾರಗಳಿಗೆ ಗ್ಯಾಸ್ ಒಲೆ, ಸಿಲಿಂಡರ್ ಹಂಚಲು ಆರಂಭಿಸಿದರು. ದದಾಬಿನಲ್ಲಿ ಅನೇಕ ವರ್ಷ ಹಿಡಿದದ್ದು ಇಲ್ಲಿ ಒಂದೆರಡು ವರ್ಷದೊಳಗೆ ಶುರುವಾಯಿತು. ಕಲಿತದ್ದು ಪೂರ್ತಿ ವ್ಯರ್ಥವಾಗಲಿಲ್ಲ ಎನ್ನಲು ಇದೊಂದು ಸಾಕ್ಷಿ.

ನಮ್ಮ ನಾಡಿಗೂ ಇದರ ನಂಟಿದೆ. ಬೈಲಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟಿನ ನಿರಾಶ್ರಿತರು 1960ರ ದಶಕದಿಂದ ನಮ್ಮ ನೆರೆಯವರಾಗಿ ಬದುಕುತ್ತಿದ್ದಾರೆ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ 1996ರಲ್ಲಿ ಅರುಣಾಚಲದ ಚಕ್ಮಾ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ 21ನೇ ವಿಧಿ ಕೊಡುವ ಜೀವದ ರಕ್ಷಣೆ ನಾಗರಿಕರಿಗೆ ಮಾತ್ರವಲ್ಲ, ಈ ನೆಲದ ಮೇಲಿರುವ ಪ್ರತಿಯೊಬ್ಬ ಮನುಷ್ಯರಿಗೂ ಇದೆ ಎಂದು ಹೇಳಿತು. ನಾವು ಹೋರಾಡಿ ಪಡೆದ 2005ರ ಕೌಟುಂಬಿಕ ಹಿಂಸೆ ಕಾಯ್ದೆಯೂ ‘ಯಾವುದೇ ಮಹಿಳೆ’ ಎಂದು ಹೇಳುತ್ತದೆ. ‘ಭಾರತದ ಪ್ರಜೆ’ ಎಂದು ಹೇಳುವುದಿಲ್ಲ. ಅದೇ ಕಾಯ್ದೆಯ 11ನೇ ಕಲಮು ಓದಿ. ಪೊಲೀಸರಿಗೆ, ಅಧಿಕಾರಿಗಳಿಗೆ, ನ್ಯಾಯಾಂಗದವರಿಗೆ ಈ ವಿಷಯಗಳ ಬಗ್ಗೆ ಕಾಲಕಾಲಕ್ಕೆ ತರಬೇತಿ ಕೊಡಿಸುವುದು ಸರ್ಕಾರದ ಕರ್ತವ್ಯ ಎಂದು ಅಲ್ಲಿದೆ. ಅಂದರೆ ಅಧಿಕಾರಿಗಳ ತರಬೇತಿ ನಮ್ಮ ವಿಷಯವೇ. ನಾವು ಕೇಳಿ ಪಡೆಯಬೇಕಾದ ಹಕ್ಕು.

ಹಾಗಾದರೆ ನಾವೇನು ಮಾಡಬಹುದು? ಒಂದು, ನಿಮ್ಮ ತಾಲ್ಲೂಕಿನಲ್ಲಿ ಈ 11ನೇ ಕಲಮಿನ ತರಬೇತಿ ಕೊನೆಯ ಸಲ ಯಾವಾಗ ನಡೆಯಿತು, ಯಾರಿಗೆ ನಡೆಯಿತು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕೇಳಿ. ಎರಡು, ಅಂಥ ತರಬೇತಿಯಲ್ಲಿ ನಮ್ಮ ಸಂಘದ ಇಬ್ಬರು ಕೂತು ತಮ್ಮ ಅನುಭವ ಹೇಳಲು ಅವಕಾಶ ಕೊಡಿ ಎಂದು ಪಟ್ಟು ಹಿಡಿಯಿರಿ. ಪೆಟ್ಟು ತಿಂದವಳು ಠಾಣೆಯಲ್ಲಿ ಕಂಡದ್ದನ್ನು ನನ್ನಂಥ ಲೆಕ್ಚರರ್ ಎರಡು ಗಂಟೆ ಹೇಳುವುದಕ್ಕಿಂತ ಅವಳೇ ಹತ್ತು ನಿಮಿಷ ಹೇಳುವುದು ಮೇಲು. ಮೂರು, ನೆರೆಯೋ ಬೆಂಕಿಯೋ ಬಂದು ಊರಿನ ಶಾಲೆಯಲ್ಲಿ ಕೇಂದ್ರ ತೆರೆದರೆ ಮೊದಲ ಸಂಜೆಯೇ ನಿಮ್ಮಲ್ಲಿ ನಾಲ್ವರು ಹೋಗಿ. ಹೆಂಗಸರನ್ನು ಬೇರೆಯಾಗಿ ಕೂರಿಸಿ. ಕಕ್ಕಸು ಎಲ್ಲಿದೆ, ದೀಪ ಇದೆಯೇ, ಅಗಳಿ ಇದೆಯೇ, ಸಾಮಾನು ಯಾರ ಕೈಗೆ ಹೋಗುತ್ತಿದೆ ಎಂದು ಕೇಳಿ. ಅವರ ಹೆಸರು ಹಾಕದೆ ಬರೆದುಕೊಂಡು ಅಧಿಕಾರಿಗೆ ಲಿಖಿತವಾಗಿ ಕೊಡಿ.

ಆ ಗಂಜಿ ಕೇಂದ್ರದಲ್ಲಿ ಅಂದು ನಾವು ಹಾಗೇ ಮಾಡಿದೆವು. ಗಂಡಸರನ್ನು ಹೊರಗೆ ಕಳಿಸಿ ಹೆಂಗಸರನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡೆವು. ಹತ್ತು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಮುದುಕಿ ಶುರು ಮಾಡಿದಳು. ಒಂದು ಗಂಟೆಯಲ್ಲಿ ನನ್ನ ನೋಟುಪುಸ್ತಕದ ನಾಲ್ಕು ಪುಟ ತುಂಬಿತು. ಮೊಮ್ಮಗಳನ್ನು ರಾತ್ರಿಯೆಲ್ಲ ತನ್ನ ಸೆರಗಿಗೆ ಗಂಟು ಹಾಕಿಕೊಂಡು ಮಲಗುತ್ತಿದ್ದೇನೆ ಎಂದು ಆಕೆ ಹೇಳಿದ್ದೂ ಅದರಲ್ಲಿದೆ. ಅಧಿಕಾರಿ ನಿಂತುಕೊಂಡೇ ಪೂರ್ತಿ ಓದಿದರು. ಅದೇ ರಾತ್ರಿ ವೈರು ಎಳೆಸಿ ಎರಡು ಬಲ್ಬು ಹಾಕಿಸಿದರು, ಹಿಂದಿನ ಗೇಟಿಗೆ ಬೀಗ ಬಿತ್ತು, ಒಬ್ಬ ಮಹಿಳಾ ಹೋಮ್ ಗಾರ್ಡ್ ಬಂದರು. ಬಾಣಂತಿ ಒಂದು ಲೋಟ ನೀರು ಕುಡಿದು ಇನ್ನೊಂದು ಕೇಳಿದಳು.

ಇನ್ನು ಮುಂದೆ ಯಾವ ಅಧಿಕಾರಿಯಾದರೂ ‘ಯಾರೂ ದೂರು ಕೊಟ್ಟಿಲ್ಲ’ ಎಂದರೆ ಒಂದೇ ಪ್ರಶ್ನೆ ಕೇಳಿ: “ಸ್ವಾಮಿ, ನೀವು ಯಾರನ್ನು ಕೇಳಿದಿರಿ?”